ಸಹಿ ಹಾಕಿದವರು, ಸಹಿ ಹಾಕಿಸಿದವರು

(ನಮ್ಮ ತರುಣ ಮಂಡಳದ ವಾರ್ಷಿಕೋತ್ಸವದಲ್ಲಿ ‘ಅಮೆರಿಕದ ಅಧ್ಯಕ್ಷರು ಮತ್ತು ಕಪ್ಪು ಜನರ ಹಕ್ಕು’ ಎಂಬ ವಿಷಯದ ಮೇಲೆ ಮಾಡಿದ ಭಾಷಣ)

ಮಂಡಳದವರು ನನಗೆ “ನೀ ಬಿ.ಎ. ಓದಾಕತ್ತೀದಿ, ಈ ಸಲ ಒಂದು ವಿಷಯದ ಮ್ಯಾಲೆ ಮಾತಾಡು” ಅಂದರು. ನಾನು ಅಮೆರಿಕದ ಅಧ್ಯಕ್ಷರ ಬಗ್ಗೆ ಮಾತಾಡ್ತೀನಿ ಅಂದೆ. ನಮ್ಮ ಕಾಕಾ ನಕ್ಕುಬಿಟ್ಟರು. “ಏನವಾ, ಅಕ್ಕಲಕೋಟ ತಾಲೂಕಿನಾಗ ಕುಂತು ಅಮೆರಿಕಾದ ಅಧ್ಯಕ್ಷರ ಚಿಂತಿ ನಿನಗ್ಯಾಕ?” ಅಂದರು. ಕಾಕಾ ಕೇಳಿದ್ದು ಬರೋಬ್ಬರಿ ಐತಿ. ಅದಕ್ಕೆ ಮೊದಲು ಅವರಿಗೆ ಉತ್ತರ ಕೊಡ್ತೀನಿ.

1873ರಲ್ಲಿ ಮಹಾತ್ಮಾ ಜ್ಯೋತಿಬಾ ಫುಲೆಯವರು ‘ಗುಲಾಮಗಿರಿ’ ಪುಸ್ತಕ ಬರೆದರು. ಆ ಪುಸ್ತಕವನ್ನು ಅವರು ಅರ್ಪಣೆ ಮಾಡಿದ್ದು ಅಮೆರಿಕದಲ್ಲಿ ಗುಲಾಮಗಿರಿ ಅಳಿಸಲು ದುಡಿದ ಜನರಿಗೆ. 1913ರಲ್ಲಿ ಬಾಬಾಸಾಹೇಬರು ಬಡೋದೆಯ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿ ವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ ಮೂರು ವರ್ಷ ಓದಿದರು. 1946ರಲ್ಲಿ ಅವರು ಅಮೆರಿಕದ ಕಪ್ಪು ಜನರ ದೊಡ್ಡ ವಿದ್ವಾಂಸ ಡು ಬಾಯ್ಸ್ ಅವರಿಗೆ ಪತ್ರ ಬರೆದು, ವಿಶ್ವಸಂಸ್ಥೆಗೆ ಕಪ್ಪು ಜನ ಕೊಟ್ಟ ಅರ್ಜಿಯ ಪ್ರತಿ ಕೇಳಿದರು. 1972ರಲ್ಲಿ ಮುಂಬೈಯಲ್ಲಿ ನಮ್ಮ ಹುಡುಗರು ಕಟ್ಟಿದ ದಲಿತ ಪ್ಯಾಂಥರ್ ಸಂಘಟನೆಯ ಹೆಸರೇ ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಸಂಘಟನೆಯಿಂದ ಬಂದದ್ದು. ಅಂದ್ರ ಕಾಕಾ, ಇದು ನಾನು ಹೊಸದಾಗಿ ಹುಡುಕಿದ ದಾರಿ ಅಲ್ರಿ. ನಮ್ಮ ಹಿರಿಯರು ಓಡಾಡಿದ ದಾರಿ.

ಇನ್ನೊಂದು ಕಾರಣವೂ ಇದೆ. ಹೋದ ಚುನಾವಣೆಯಲ್ಲಿ ಯಾವ ಸಾಹೇಬ ನಮ್ಮ ಜನಕ್ಕೆ ಒಳ್ಳೆಯವ ಅಂತ ಜಗಳಾಡಿ ನಮ್ಮ ಮಂಡಳದ ಹುಡುಗರೇ ಎರಡು ಪಾರ್ಟಿ ಆದರು. ಒಂದೇ ತಾಟಿನಲ್ಲಿ ಉಂಡವರು ಮೂರು ತಿಂಗಳು ಮಾತು ಬಿಟ್ಟರು. ಆಗ ನಾನು ಕಾಲೇಜಿನಲ್ಲಿ ಅಮೆರಿಕದ ಇತಿಹಾಸ ಓದುತ್ತಿದ್ದೆ. ಪುಸ್ತಕದಲ್ಲಿ ಒಂದು ಸಾಲು ಇತ್ತು: ಲಿಂಕನ್ ಗುಲಾಮರನ್ನು ಬಿಡುಗಡೆ ಮಾಡಿದರು. ಹಾಗಾದರೆ ಆ ನಲವತ್ತು ಲಕ್ಷ ಗುಲಾಮರು ಅಷ್ಟು ದಿನ ಏನು ಮಾಡುತ್ತಿದ್ದರು, ಲಿಂಕನ್ ಬರಲಿ ಅಂತ ದಾರಿ ನೋಡುತ್ತಾ ಸುಮ್ಮನೆ ಕುಳಿತಿದ್ದರಾ? ಆ ಪ್ರಶ್ನೆ ಹಿಡಿದು ನಾನು ಓದಿದ್ದನ್ನು ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲಿನಿಂದ ಬರೋಣ. 1776ರಲ್ಲಿ ಅಮೆರಿಕ ಸ್ವಾತಂತ್ರ್ಯ ಘೋಷಣೆ ಮಾಡಿತು. ಎಲ್ಲ ಮನುಷ್ಯರೂ ಸಮಾನರು ಎಂಬ ಮಾತು ಅದರಲ್ಲಿದೆ. ಆ ಮಾತು ಬರೆದ ಥಾಮಸ್ ಜೆಫರ್ಸನ್ ಮುಂದೆ ದೇಶದ ಮೂರನೇ ಅಧ್ಯಕ್ಷರಾದರು. ಅವರ ಜೀವಮಾನದಲ್ಲಿ ಅವರ ಒಡೆತನದಲ್ಲಿದ್ದ ಗುಲಾಮರು 600ಕ್ಕೂ ಹೆಚ್ಚು. ಮೊದಲ 12 ಅಧ್ಯಕ್ಷರಲ್ಲಿ ಆಡಮ್ಸ್ ಮನೆತನದ ಅಪ್ಪ-ಮಗ ಇಬ್ಬರನ್ನು ಬಿಟ್ಟರೆ ಉಳಿದ 10 ಜನರೂ ಜೀವನದಲ್ಲಿ ಒಂದಿಲ್ಲೊಂದು ಕಾಲಕ್ಕೆ ಗುಲಾಮರನ್ನು ಇಟ್ಟುಕೊಂಡವರೇ. 1787ರಲ್ಲಿ ಬರೆದ ಸಂವಿಧಾನದಲ್ಲಿ, ರಾಜ್ಯಕ್ಕೆ ಎಷ್ಟು ಪ್ರತಿನಿಧಿಗಳು ಎಂದು ಲೆಕ್ಕ ಹಾಕುವಾಗ ಐದು ಗುಲಾಮರನ್ನು ಮೂರು ಜನ ಅಂತ ಎಣಿಸುವ ನಿಯಮ ಇತ್ತು. ಗುಲಾಮನಿಗೆ ಮತ ಇಲ್ಲ, ಆದರೆ ಅವನ ತಲೆ ಎಣಿಸಿ ಮಾಲೀಕನ ರಾಜ್ಯಕ್ಕೆ ಹೆಚ್ಚು ಸೀಟು!

ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್. ಆಗ ರಾಜಧಾನಿ ಫಿಲಡೆಲ್ಫಿಯಾದಲ್ಲಿತ್ತು. ಹೊರಗಿನಿಂದ ಬಂದವರ ಗುಲಾಮರು ಅಲ್ಲಿ ಆರು ತಿಂಗಳು ಉಳಿದರೆ ಸ್ವತಂತ್ರರಾಗಬಹುದು ಎಂಬ ಕಾನೂನು ಆ ರಾಜ್ಯದಲ್ಲಿತ್ತು. ವಾಷಿಂಗ್ಟನ್ ಏನು ಮಾಡಿದರು? ಆರು ತಿಂಗಳು ತುಂಬುವ ಮೊದಲೇ ತಮ್ಮ ಗುಲಾಮರನ್ನು ಊರಿಗೆ ಕಳಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ಆ ಮನೆಯಲ್ಲಿ ಓನಾ ಜಡ್ಜ್ ಎಂಬ ಹೆಣ್ಣುಮಗಳಿದ್ದಳು. ಅಧ್ಯಕ್ಷರ ಹೆಂಡತಿಯ ಸೇವೆ, ಹೊಲಿಗೆ ಅವಳ ಕೆಲಸ. 1796ರಲ್ಲಿ ಒಂದು ದಿನ ಮನೆಯವರು ಊಟಕ್ಕೆ ಕುಳಿತಾಗ ಆಕೆ ಹೊರಗೆ ಹೋದಳು. ಹಡಗು ಹತ್ತಿ ಉತ್ತರದ ಪೋರ್ಟ್ಸ್‌ಮೌತ್ ಪಟ್ಟಣ ಸೇರಿದಳು. ಅಧ್ಯಕ್ಷರು ಅಧಿಕಾರಿಗಳ ಮೂಲಕ ಹಿಡಿದು ತರಿಸಲು ನೋಡಿದರು, ಆಗಲಿಲ್ಲ. 1848ರಲ್ಲಿ ಸಾಯುವ ತನಕ ಆಕೆ ಮತ್ತೆ ಯಾರ ಮನೆಯ ಗುಲಾಮಳೂ ಆಗಲಿಲ್ಲ. ಓಡಿಹೋದ ಗುಲಾಮರನ್ನು ಹಿಡಿದುಕೊಡುವ 1793ರ ಕಾನೂನಿಗೆ ಸಹಿ ಹಾಕಿದವರು ಇದೇ ವಾಷಿಂಗ್ಟನ್. ಅವರ ಸ್ವಂತ ಮನೆಯಲ್ಲಿಯೇ ಆ ಸಹಿ ನಡೆಯಲಿಲ್ಲ ನೋಡ್ರಿ.

ಈಗ ಲಿಂಕನ್ ಅವರ ಕಡೆ ಬರೋಣ. ಅವರು ದೊಡ್ಡ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಗುಲಾಮಗಿರಿ ತಪ್ಪು ಅಂತ ಮೊದಲಿನಿಂದಲೂ ಹೇಳಿದವರು. ಆದರೆ 1861ರಲ್ಲಿ ಅಧ್ಯಕ್ಷರಾದಾಗ ಮಾಡಿದ ಮೊದಲ ಭಾಷಣದಲ್ಲಿ, ಗುಲಾಮಗಿರಿ ಈಗಾಗಲೇ ಇರುವ ರಾಜ್ಯಗಳಲ್ಲಿ ನಾನು ಅದರ ತಂಟೆಗೆ ಹೋಗುವುದಿಲ್ಲ ಅಂದರು. ದಕ್ಷಿಣದ ರಾಜ್ಯಗಳು ದೇಶ ಬಿಟ್ಟು ಹೋಗಿ ಯುದ್ಧ ಶುರುವಾದ ಮೇಲೂ ಅವರ ಮೊದಲ ಗುರಿ ದೇಶ ಒಂದಾಗಿ ಉಳಿಸುವುದು.

ಅದೇ ವರ್ಷದ ಮೇ ತಿಂಗಳಲ್ಲಿ ವರ್ಜೀನಿಯಾದ ಫೋರ್ಟ್ ಮನ್ರೋ ಕೋಟೆಗೆ ಮೂವರು ಗುಲಾಮರು ರಾತ್ರಿ ದೋಣಿಯಲ್ಲಿ ಬಂದರು. ಕೋಟೆ ಉತ್ತರದ ಸೈನ್ಯದ ಕೈಯಲ್ಲಿತ್ತು. ಮಾಲೀಕನ ಕಡೆಯವರು ಬಂದು “ನಮ್ಮ ಆಸ್ತಿ ವಾಪಸ್ ಕೊಡಿ” ಅಂದರು. ಅಲ್ಲಿಯ ಸೇನಾಧಿಕಾರಿ ಕೊಡಲಿಲ್ಲ. ಸುದ್ದಿ ಹಬ್ಬಿತು. ಮೂವರು ಹೋಗಿ ನೂರಾರು ಜನ, ನೂರಾರು ಹೋಗಿ ಸಾವಿರಾರು ಜನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸೈನ್ಯದ ಬಿಡಾರಗಳಿಗೆ ಬಂದರು. ಇವರನ್ನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಸರಕಾರದ ಮುಂದೆ ತಂದು ನಿಲ್ಲಿಸಿದವರು ಆ ಜನ. ಸಂಸತ್ತು ಕಾನೂನು ಮಾಡಬೇಕಾಯಿತು. 1863ರ ಜನವರಿ 1ರಂದು ಲಿಂಕನ್ ಬಿಡುಗಡೆಯ ಘೋಷಣೆಗೆ ಸಹಿ ಹಾಕಿದರು. ಅದು ಬಂಡೆದ್ದ ಪ್ರದೇಶಗಳಿಗೆ ಮಾತ್ರ ಲಾಗೂ ಆಗಿತ್ತು, ಉತ್ತರದ ಜೊತೆಗಿದ್ದ ಗುಲಾಮಿ ರಾಜ್ಯಗಳಿಗೆ ಅಲ್ಲ. ಆದರೂ ಆ ಘೋಷಣೆ ಕಪ್ಪು ಜನರಿಗೆ ಸೈನ್ಯದ ಬಾಗಿಲು ತೆರೆಯಿತು. ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಪರವಾಗಿ ಹೋರಾಡಿದರು.

ಅಲ್ಲಿಯೂ ಭೇದ ಇತ್ತು. ಬಿಳಿ ಸೈನಿಕನಿಗೆ ತಿಂಗಳಿಗೆ 13 ಡಾಲರ್, ಕಪ್ಪು ಸೈನಿಕನಿಗೆ 10 ಡಾಲರ್, ಅದರಲ್ಲೂ ಬಟ್ಟೆಯ ಲೆಕ್ಕದಲ್ಲಿ 3 ಡಾಲರ್ ಕಡಿತ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು ದೊಡ್ಡ ನಾಯಕರಾಗಿದ್ದ ಫ್ರೆಡರಿಕ್ ಡಗ್ಲಸ್ 1863ರ ಆಗಸ್ಟ್‌ನಲ್ಲಿ ನೇರವಾಗಿ ಲಿಂಕನ್ ಅವರ ಮುಂದೆ ಹೋಗಿ ಇದನ್ನು ಕೇಳಿದರು. ಕೆಲವು ಕಪ್ಪು ದಳದವರು “ಕೊಟ್ಟರೆ ಪೂರ್ತಿ ಕೊಡಿ, ಇಲ್ಲದಿದ್ದರೆ ಬೇಡ” ಅಂತ ಪಗಾರವನ್ನೇ ಮುಟ್ಟಲಿಲ್ಲ. 1864ರ ಜೂನ್‌ನಲ್ಲಿ ಸಂಸತ್ತು ಪಗಾರ ಸಮ ಮಾಡಿತು. ಇಷ್ಟೆಲ್ಲ ನೋಡುತ್ತಾ ಲಿಂಕನ್ ಕೂಡ ಬದಲಾದರು. 1865ರ ಏಪ್ರಿಲ್ 11ರಂದು ಮಾಡಿದ ಕೊನೆಯ ಭಾಷಣದಲ್ಲಿ, ಓದಿದ ಕಪ್ಪು ಜನರಿಗೆ ಮತ್ತು ಕಪ್ಪು ಸೈನಿಕರಿಗೆ ಮತದ ಹಕ್ಕು ಸಿಗುವುದು ಒಳ್ಳೆಯದು ಅಂದರು. ಮೂರು ದಿನಕ್ಕೆ ಅವರಿಗೆ ಗುಂಡು ಹೊಡೆದರು. ಆ ವರ್ಷದ ಡಿಸೆಂಬರ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಜಾರಿಗೆ ಬಂದು ಗುಲಾಮಗಿರಿ ದೇಶದ ತುಂಬ ರದ್ದಾಯಿತು. ಲಿಂಕನ್ ಕೊಟ್ಟರು ಅನ್ನುವುದು ಸುಳ್ಳಲ್ಲ, ಆದರೆ ಅರ್ಧ ಮಾತು. ಇವರು ಕೊಡಿಸಿಕೊಂಡರು ಅನ್ನುವುದು ಉಳಿದ ಅರ್ಧ.

ಮುಂದಿನ ಭಾಗ ನಮ್ಮ ತರುಣರು ಲಕ್ಷ್ಯ ಇಟ್ಟು ಕೇಳಬೇಕು. ಲಿಂಕನ್ ಸತ್ತ ಮೇಲೆ ಉಪಾಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅಧ್ಯಕ್ಷರಾದರು. ಯುದ್ಧದ ಕೊನೆಗೆ ಜನರಲ್ ಶರ್ಮನ್ ದಕ್ಷಿಣದ ಕರಾವಳಿಯಲ್ಲಿ ಮಾಲೀಕರು ಬಿಟ್ಟು ಓಡಿದ ಭೂಮಿಯನ್ನು ಬಿಡುಗಡೆಯಾದ ಕುಟುಂಬಗಳಿಗೆ 40 ಎಕರೆಯವರೆಗೆ ಹಂಚುವ ಆದೇಶ ಕೊಟ್ಟಿದ್ದರು. ಸುಮಾರು 40,000 ಜನ ಆ ಭೂಮಿಯಲ್ಲಿ ಬಿತ್ತಿಯೂ ಬಿಟ್ಟಿದ್ದರು. ಹೊಸ ಅಧ್ಯಕ್ಷರು ಅದೇ ವರ್ಷ ಅದನ್ನು ಹಿಂದಕ್ಕೆ ತೆಗೆದು ಹಳೆಯ ಮಾಲೀಕರಿಗೆ ಕೊಡಿಸಿದರು. ಬಿತ್ತಿದವರು ಹೊಲದಿಂದ ಎದ್ದು ಹೋಗಬೇಕಾಯಿತು. ಭೂಮಿ ಇಲ್ಲದ ಸ್ವಾತಂತ್ರ್ಯ ಎಂಥದ್ದು ಅಂತ ಇಲ್ಲಿ ಕುಳಿತ ಹಿರಿಯರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ಜನರಿಗೆ ನಾಗರಿಕ ಹಕ್ಕು ಕೊಡುವ 1866ರ ಮಸೂದೆಗೂ ಜಾನ್ಸನ್ ಸಹಿ ಹಾಕಲಿಲ್ಲ. ಸಂಸತ್ತು ಅವರನ್ನು ಮೀರಿ ಅದನ್ನು ಕಾನೂನು ಮಾಡಿತು.

ಆಮೇಲೆ ಬಂದವರು ಯುಲಿಸೀಸ್ ಗ್ರಾಂಟ್. ಫುಲೆಯವರು ‘ಗುಲಾಮಗಿರಿ’ ಬರೆದಾಗ ಅಲ್ಲಿ ಅಧ್ಯಕ್ಷರಾಗಿದ್ದವರು ಇವರೇ. 1870ರಲ್ಲಿ 15ನೇ ತಿದ್ದುಪಡಿ ಬಂದು ಬಣ್ಣದ ಕಾರಣಕ್ಕೆ ಮತದ ಹಕ್ಕು ನಿರಾಕರಿಸುವಂತಿಲ್ಲ ಅಂತಾಯಿತು. ಅದೇ ವರ್ಷ ಹೈರಮ್ ರೆವೆಲ್ಸ್ ಎಂಬ ಕಪ್ಪು ಮನುಷ್ಯ ಸೆನೆಟ್ ಸದಸ್ಯರಾದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಕಪ್ಪು ಜನರನ್ನು ಕೊಲ್ಲುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಗುಂಪಿನ ಮೇಲೆ ಗ್ರಾಂಟ್ 1871ರಲ್ಲಿ ಕಾನೂನು ತಂದರು, ದಕ್ಷಿಣ ಕ್ಯಾರೊಲಿನಾದಲ್ಲಿ ಸೈನ್ಯ ಬಿಟ್ಟು ನೂರಾರು ಜನರನ್ನು ಹಿಡಿಸಿದರು.

ಆದರೆ 1876ರ ಚುನಾವಣೆಯಲ್ಲಿ ಗೆದ್ದವರು ಯಾರು ಅಂತ ದೊಡ್ಡ ತಕರಾರು ಎದ್ದಿತು. ತಿಂಗಳುಗಟ್ಟಲೆ ಜಗಳ ನಡೆದು 1877ರಲ್ಲಿ ದೊಡ್ಡವರು ಒಳಗೊಳಗೇ ರಾಜಿ ಮಾಡಿಕೊಂಡರು. ರುದರ್‌ಫರ್ಡ್ ಹೇಸ್ ಅಧ್ಯಕ್ಷರಾದರು. ದಕ್ಷಿಣದಲ್ಲಿ ಕಪ್ಪು ಜನರ ಮತದ ಮೇಲೆ ನಿಂತ ಸರಕಾರಗಳಿಗೆ ಕಾವಲಿದ್ದ ಸೈನ್ಯವನ್ನು ಹಿಂದಕ್ಕೆ ಕರೆಸಿಕೊಂಡರು. ಆ ರಾಜಿಯ ಮೇಜಿನ ಮುಂದೆ ಕಪ್ಪು ಜನರ ಪರವಾಗಿ ಯಾರೂ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ಮತ ಹಾಕಲು ತೆರಿಗೆ ಬಂತು, ಓದಿನ ಪರೀಕ್ಷೆ ಬಂತು, ಬೇರೆ ಶಾಲೆ, ಬೇರೆ ಡಬ್ಬಿ, ಬೇರೆ ನೀರಿನ ನಳ ಬಂತು. 1896ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ಬೇರೆ ಬೇರೆ ಇಡುವುದು ಸರಿ ಅಂತ ಮುದ್ರೆ ಒತ್ತಿತು. 15ನೇ ತಿದ್ದುಪಡಿಯನ್ನು ಯಾರೂ ಅಳಿಸಿರಲಿಲ್ಲ. ಅದು ಸಂವಿಧಾನದಲ್ಲಿ ಹಾಗೇ ಇತ್ತು. ಆದರೆ ಸುಮಾರು 90 ವರ್ಷ ದಕ್ಷಿಣದ ಹಳ್ಳಿಗಳಲ್ಲಿ ಅದು ಕಾಗದದ ಮೇಲೆ ಮಲಗಿತ್ತು.

ಬಾಬಾಸಾಹೇಬರು ನ್ಯೂಯಾರ್ಕಿಗೆ ಹೋದ 1913ರಲ್ಲೇ ವುಡ್ರೊ ವಿಲ್ಸನ್ ಅಧ್ಯಕ್ಷರಾದರು. ಅವರೂ ದೊಡ್ಡ ಪ್ರೊಫೆಸರ್, ಲೋಕಕ್ಕೆಲ್ಲ ಪ್ರಜಾಪ್ರಭುತ್ವದ ಪಾಠ ಹೇಳಿದವರು. ಅವರ ಸರಕಾರದಲ್ಲಿಯೇ ಕೇಂದ್ರದ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬಿಳಿಯರಿಂದ ಬೇರೆ ಕೂರಿಸುವುದು ಜೋರಾಯಿತು. ಓದಿದ ಮನುಷ್ಯ ನ್ಯಾಯವಂತನೇ ಆಗಿರ್ತಾನ ಅಂತ ನಂಬಬ್ಯಾಡ್ರಿ. ಇದನ್ನು ಬಿ.ಎ. ಓದುತ್ತಿರುವ ನಾನೇ ಹೇಳ್ತೀನಿ.

ಇನ್ನು ಫ್ರಾಂಕ್ಲಿನ್ ರೂಸ್‌ವೆಲ್ಟ್. ಬಡವರ ಅಧ್ಯಕ್ಷ ಅಂತ ಹೆಸರಾದವರು. 1935ರಲ್ಲಿ ಅವರು ಸಾಮಾಜಿಕ ಭದ್ರತೆಯ ಕಾನೂನು ತಂದರು. ಮುಪ್ಪಿನಲ್ಲಿ ಪಿಂಚಣಿ, ಕೆಲಸ ಹೋದರೆ ನೆರವು. ಬಹಳ ಒಳ್ಳೆಯ ಕಾನೂನು. ಆದರೆ ಅದರೊಳಗೆ ಒಂದು ಸಣ್ಣ ಮಾತು ಇತ್ತು: ಹೊಲದ ಕೂಲಿಗಳಿಗೂ ಮನೆಗೆಲಸದವರಿಗೂ ಇದು ಇಲ್ಲ. ದಕ್ಷಿಣದ ಕಪ್ಪು ಜನರಲ್ಲಿ ಹೆಚ್ಚಿನವರು ಮಾಡುತ್ತಿದ್ದುದು ಆ ಎರಡೇ ಕೆಲಸ. ದಕ್ಷಿಣದ ಸಂಸದರ ಒತ್ತಾಯಕ್ಕೆ ಹೀಗಾಯಿತು ಅಂತ ಕೆಲವು ಇತಿಹಾಸಕಾರರು ಹೇಳ್ತಾರೆ, ಅಂಥವರಿಂದ ವಂತಿಗೆ ವಸೂಲಿ ಮಾಡುವುದು ಕಷ್ಟ ಅಂತ ಬಿಟ್ಟರು ಅಂತ ಕೆಲವರು ಹೇಳ್ತಾರೆ. ಕಾರಣ ಯಾವುದೇ ಇರಲಿ, ಹೊರಗೆ ಉಳಿದವರು ಯಾರು ಅನ್ನುವುದು ಎಲ್ಲರಿಗೂ ಕಂಡಿತು. ಇವರನ್ನು ಒಳಗೆ ತರಲು 1950ರ ದಶಕದ ತಿದ್ದುಪಡಿಗಳವರೆಗೆ ಕಾಯಬೇಕಾಯಿತು. ಕಾನೂನಿನಲ್ಲಿ ‘ಕಪ್ಪು’ ಎಂಬ ಶಬ್ದವೇ ಇರಲಿಲ್ಲ. ಜಾತಿಯ ಹೆಸರು ಹೇಳದೆ ಜಾತಿಯನ್ನು ಹೊರಗೆ ಇಡುವುದು ಹೇಗೆ ಅಂತ ನಮಗೂ ಗೊತ್ತಿದೆ. ಅದಕ್ಕೇ ಯಾವ ಯೋಜನೆ ಬಂದರೂ ನಾನು ಮೊದಲು ನೋಡುವುದು ಕೊನೆಯ ಪುಟದ ಸಣ್ಣ ಅಕ್ಷರ.

ಇದೇ ರೂಸ್‌ವೆಲ್ಟ್ ಅವರ ಕಾಲದ ಇನ್ನೊಂದು ಸಂಗತಿ. ರೈಲಿನ ಮಲಗುವ ಡಬ್ಬಿಗಳಲ್ಲಿ ಹಾಸಿಗೆ ಹಾಸುವ, ಸಾಮಾನು ಹೊರುವ ಕೆಲಸಕ್ಕೆ ಕಪ್ಪು ಜನರನ್ನೇ ಇಡುತ್ತಿದ್ದರು. ಅವರ ಕಾರ್ಮಿಕ ಸಂಘದ ನಾಯಕ ಎ. ಫಿಲಿಪ್ ರಾಂಡಾಲ್ಫ್. 1941ರಲ್ಲಿ ಯುದ್ಧದ ಸಾಮಾನು ತಯಾರಿಸುವ ಕಾರಖಾನೆಗಳು ಎಲ್ಲೆಡೆ ಎದ್ದವು, ಆದರೆ ಕಪ್ಪು ಜನರಿಗೆ ಕೆಲಸ ಇಲ್ಲ. ರಾಂಡಾಲ್ಫ್ ಹೇಳಿದರು: ಜುಲೈ 1ಕ್ಕೆ ನಮ್ಮ ಜನ ರಾಜಧಾನಿಗೆ ಮೋರ್ಚಾ ಬರುತ್ತಾರೆ. ಒಂದು ಲಕ್ಷ ಜನ ಬರುತ್ತಾರೆ ಅಂದರು. ಅಧ್ಯಕ್ಷರು ಜೂನ್ 18ಕ್ಕೆ ಅವರನ್ನು ಕರೆಸಿ ಮೋರ್ಚಾ ಬೇಡ ಅಂದರು. ರಾಂಡಾಲ್ಫ್ ಬಗ್ಗಲಿಲ್ಲ, ಲಿಖಿತ ಆದೇಶ ಬೇಕು ಅಂದರು. ಜೂನ್ 25ಕ್ಕೆ ಅಧ್ಯಕ್ಷರು 8802ನೇ ಆದೇಶಕ್ಕೆ ಸಹಿ ಹಾಕಿದರು. ಯುದ್ಧದ ಕಾರಖಾನೆಗಳಲ್ಲೂ ಸರಕಾರಿ ಕೆಲಸದಲ್ಲೂ ವರ್ಣಭೇದ ಮಾಡಬಾರದು ಅಂತ. ಮೋರ್ಚಾ ಆಗಲೇ ಇಲ್ಲ, ಬರುತ್ತದೆ ಎಂಬ ಸುದ್ದಿಗೇ ಏಳು ದಿನದಲ್ಲಿ ಸಹಿ ಬಂತು. 1948ರಲ್ಲಿ ಇದೇ ರಾಂಡಾಲ್ಫ್, ಭೇದ ಇರುವ ಸೈನ್ಯಕ್ಕೆ ನಮ್ಮ ಹುಡುಗರು ಸೇರಬಾರದು ಅಂತ ಚಳವಳಿ ಎತ್ತಿದರು. ಆ ವರ್ಷ ಚುನಾವಣೆಯೂ ಇತ್ತು. ಜುಲೈ 26ಕ್ಕೆ ಅಧ್ಯಕ್ಷ ಹ್ಯಾರಿ ಟ್ರೂಮನ್ ಸೈನ್ಯದಲ್ಲಿ ಎಲ್ಲರಿಗೂ ಸಮಾನ ಅವಕಾಶ ಎಂಬ ಆದೇಶಕ್ಕೆ ಸಹಿ ಹಾಕಿದರು.

ಜಾನ್ ಕೆನಡಿ ಅವರ ಮಾತು ಕೇಳಿದರೆ ನಿಮಗೆ ನಗು ಬರುತ್ತದೆ. 1960ರ ಚುನಾವಣೆಯಲ್ಲಿ ಅವರು, ಸರಕಾರದ ನೆರವಿನ ಮನೆಗಳಲ್ಲಿ ನಡೆಯುವ ಭೇದವನ್ನು ಅಧ್ಯಕ್ಷರು ಒಂದು ಸಹಿಯಿಂದ ನಿಲ್ಲಿಸಬಹುದು ಅಂದಿದ್ದರು. ಗೆದ್ದರು. ಒಂದು ವರ್ಷ ಆಯಿತು, ಸಹಿ ಬರಲಿಲ್ಲ. ಜನ ಏನು ಮಾಡಿದರು ಗೊತ್ತೇನ್ರಿ? ಸಾಹೇಬರ ಹತ್ತಿರ ಪೆನ್ನು ಇಲ್ಲ ಕಾಣ್ತದ ಅಂತ ವೈಟ್ ಹೌಸ್‌ಗೆ ಟಪಾಲಿನಲ್ಲಿ ಪೆನ್ನು ಕಳಿಸತೊಡಗಿದರು. ರಾಶಿ ರಾಶಿ ಪೆನ್ನು ಬಂದವು. ಕೊನೆಗೆ 1962ರ ನವೆಂಬರ್‌ನಲ್ಲಿ, ಆ ವರ್ಷದ ಸಂಸತ್ ಚುನಾವಣೆ ಮುಗಿದ ಮೇಲೆ, ಸಹಿ ಬಂತು.

ಮರುವರ್ಷ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಶಾಲೆಯ ಮಕ್ಕಳು ಮೆರವಣಿಗೆ ಹೊರಟರು. ಅವರ ಮೇಲೆ ಪೊಲೀಸರು ನಾಯಿ ಬಿಟ್ಟರು, ಬೆಂಕಿ ಆರಿಸುವ ಪೈಪಿನಿಂದ ನೀರು ಹೊಡೆದರು. ಆ ಫೋಟೋಗಳು ಲೋಕದ ಪತ್ರಿಕೆಗಳಲ್ಲೆಲ್ಲ ಬಂದವು. ಜೂನ್ 11ರಂದು ಕೆನಡಿ ಟಿ.ವಿ. ಮುಂದೆ ಬಂದು ಹೊಸ ಕಾನೂನು ತರುತ್ತೇನೆ ಅಂದರು. ಆಗಸ್ಟ್ 28ರಂದು ಸುಮಾರು ಎರಡೂವರೆ ಲಕ್ಷ ಜನ ರಾಜಧಾನಿಯಲ್ಲಿ ಸೇರಿದರು. ಡಾ. ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ ಎಲ್ಲರಿಗೂ ಗೊತ್ತು. ಆ ಮೋರ್ಚಾದ ಮುಂದಾಳು ಯಾರು? 1941ರಲ್ಲಿ ಮೋರ್ಚಾ ತರ್ತೀನಿ ಅಂದಿದ್ದ ಅದೇ ರಾಂಡಾಲ್ಫ್. 22 ವರ್ಷ ಆದ ಮೇಲೆ, 74ನೇ ವಯಸ್ಸಿನಲ್ಲಿ ಅವರು ಆ ಮೋರ್ಚಾ ತಂದೇ ತಂದರು. ಒಂದು ಅರ್ಜಿ ಕೊಟ್ಟು ಆರು ತಿಂಗಳಿಗೆ ಬೇಸರ ಪಡುವ ನಾವು ಇದನ್ನು ನೆನಪಿಡಬೇಕು.

ನವೆಂಬರ್ 22ರಂದು ಕೆನಡಿ ಅವರ ಕೊಲೆಯಾಯಿತು. ಅಧ್ಯಕ್ಷರಾದವರು ಲಿಂಡನ್ ಜಾನ್ಸನ್, ದಕ್ಷಿಣದ ಟೆಕ್ಸಾಸ್‌ನವರು. ಸಂಸತ್ತಿನಲ್ಲಿ ತಮ್ಮ ಮೊದಲ 20 ವರ್ಷ ಕಪ್ಪು ಜನರ ಹಕ್ಕಿನ ಮಸೂದೆಗಳ ವಿರುದ್ಧವೇ ಮತ ಹಾಕುತ್ತಾ ಬಂದವರು. ಆದರೆ 1964ರ ಜುಲೈ 2ರಂದು ಹೋಟೆಲು, ಬಸ್ಸು, ನೌಕರಿ ಎಲ್ಲದರಲ್ಲಿ ಭೇದ ನಿಷೇಧಿಸುವ ಕಾನೂನಿಗೆ ಸಹಿ ಹಾಕಿದವರೂ ಅವರೇ. ಆ ಒಂದು ಸಹಿಗೆ 70ಕ್ಕೂ ಹೆಚ್ಚು ಪೆನ್ನು ಬಳಸಿ, ಹೋರಾಟಗಾರರಿಗೆ ಹಂಚಿದರು. ಒಂದು ಪೆನ್ನು ಡಾ. ಕಿಂಗ್ ಅವರಿಗೆ ಸಿಕ್ಕಿತು.

ಅದೇ ವರ್ಷದ ಆಗಸ್ಟ್‌ನಲ್ಲಿ ನಡೆದದ್ದನ್ನು ನಮ್ಮ ತಾಯಂದಿರು ಕೇಳಬೇಕು. ಮಿಸಿಸಿಪ್ಪಿ ರಾಜ್ಯದಲ್ಲಿ ಫ್ಯಾನಿ ಲೂ ಹೇಮರ್ ಎಂಬ ತಾಯಿ ಇದ್ದರು. 20 ಮಕ್ಕಳಲ್ಲಿ ಕೊನೆಯವರು. ಆರು ವರ್ಷಕ್ಕೇ ಹತ್ತಿ ಬಿಡಿಸಲು ಹೊಲಕ್ಕೆ ಹೋದವರು. 1962ರಲ್ಲಿ, 44ನೇ ವಯಸ್ಸಿನಲ್ಲಿ, ಮತದಾರರ ಯಾದಿಯಲ್ಲಿ ಹೆಸರು ಹಚ್ಚಿಸಲು 17 ಜನರ ಜೊತೆ ಬಸ್ಸಿನಲ್ಲಿ ಪಟ್ಟಣಕ್ಕೆ ಹೋದರು. ಸಂವಿಧಾನದ ಒಂದು ಕಲಮು ಕೊಟ್ಟು ಅರ್ಥ ಬರೆಯಿರಿ ಅಂದರು, ನಾಪಾಸು ಮಾಡಿ ಕಳಿಸಿದರು. ಮನೆಗೆ ಬಂದರೆ ಜಮೀನಿನ ಮಾಲೀಕ “ಹೆಸರು ವಾಪಸ್ ತಗೋ, ಇಲ್ಲಾ ಜಾಗ ಬಿಡು” ಅಂದ. 18 ವರ್ಷ ದುಡಿದ ಜಾಗವನ್ನು ಆ ರಾತ್ರಿಯೇ ಬಿಟ್ಟರು. ಮರುವರ್ಷ ಜೈಲಿನಲ್ಲಿ ಅವರನ್ನು ಎಷ್ಟು ಹೊಡೆದರೆಂದರೆ ಮೂತ್ರಪಿಂಡಕ್ಕೆ ಪೆಟ್ಟಾಗಿ ಕಡೆಯತನಕ ಹೋಗಲಿಲ್ಲ. 1964ರಲ್ಲಿ ಪಕ್ಷದ ರಾಷ್ಟ್ರೀಯ ಸಮ್ಮೇಳನಕ್ಕೆ ಬಂದು ಟಿ.ವಿ. ಕ್ಯಾಮೆರಾ ಮುಂದೆ ಇದನ್ನೆಲ್ಲ ಹೇಳತೊಡಗಿದರು.

ಆಗ ಅಧ್ಯಕ್ಷ ಜಾನ್ಸನ್, ಪೆನ್ನು ಹಂಚಿ ಇನ್ನೂ ಎರಡು ತಿಂಗಳಾಗಿರದ ಅದೇ ಜಾನ್ಸನ್, ದಕ್ಷಿಣದ ಬಿಳಿಯರ ಮತ ಹೋಗುತ್ತದೆ ಎಂದು ಅವಸರದಲ್ಲಿ ಪತ್ರಕರ್ತರನ್ನು ಕರೆದು ತಾವೇ ಮಾತಾಡತೊಡಗಿದರು, ಕ್ಯಾಮೆರಾ ಆ ತಾಯಿಯ ಮೇಲಿನಿಂದ ಇತ್ತ ತಿರುಗಲಿ ಅಂತ. ತಿರುಗಿತು. ಆದರೆ ಸಂಜೆ ಟಿ.ವಿ.ಯವರು ಆಕೆಯ ಮಾತನ್ನೇ ದೇಶಕ್ಕೆಲ್ಲ ತೋರಿಸಿದರು. ಹತ್ತಿ ಬಿಡಿಸುವ ಹೆಣ್ಣುಮಗಳಿಗೆ ಅಮೆರಿಕದ ಅಧ್ಯಕ್ಷ ಅಂಜಿದ್ದು ನೋಡ್ರಿ. ಹಾಗಾದರೆ ಜಾನ್ಸನ್ ಒಳ್ಳೆಯವರೋ ಕೆಟ್ಟವರೋ? ನನಗೆ ಈ ಪ್ರಶ್ನೆಯೇ ತಪ್ಪು ಅನ್ನಿಸುತ್ತದೆ. ಜನ ಒತ್ತಿದ ಕಡೆ ಮುಂದೆ ಬಂದರು, ಬೇರೆಯವರು ಒತ್ತಿದ ಕಡೆ ಹಿಂದೆ ಸರಿದರು.

1965ರ ಮಾರ್ಚ್ 7ರಂದು ಸೆಲ್ಮಾ ಊರಿನ ಸೇತುವೆ ಮೇಲೆ ಮತದ ಹಕ್ಕು ಕೇಳಿ ನಡೆದವರ ತಲೆ ಒಡೆದರು. ಎಂಟು ದಿನಕ್ಕೆ ಜಾನ್ಸನ್ ಸಂಸತ್ತಿನಲ್ಲಿ ನಿಂತು ಕಾನೂನು ತರುತ್ತೇನೆ ಅಂದರು. ಆಗಸ್ಟ್ 6ರಂದು ಮತದಾನ ಹಕ್ಕಿನ ಕಾನೂನಿಗೆ ಸಹಿ ಬಿತ್ತು. ಮಿಸಿಸಿಪ್ಪಿಯಲ್ಲಿ ಯಾದಿಯಲ್ಲಿದ್ದ ಕಪ್ಪು ಜನರ ಪ್ರಮಾಣ ಶೇ. 7ಕ್ಕಿಂತ ಕಡಿಮೆ ಇದ್ದದ್ದು 1967ರ ಹೊತ್ತಿಗೆ ಸುಮಾರು ಶೇ. 60ಕ್ಕೆ ಏರಿತು. ಅದೇ ಜೂನ್‌ನಲ್ಲಿ ಒಂದು ವಿಶ್ವವಿದ್ಯಾಲಯದಲ್ಲಿ ಜಾನ್ಸನ್ ಹೇಳಿದ ಮಾತಿನ ಸಾರ ಇದು: ವರ್ಷಾನುಗಟ್ಟಲೆ ಬೇಡಿ ಹಾಕಿದ್ದ ಮನುಷ್ಯನ ಬೇಡಿ ಬಿಚ್ಚಿ, ಓಟದ ಗೆರೆಯ ಮೇಲೆ ತಂದು ನಿಲ್ಲಿಸಿ, ಈಗ ನೀನೂ ಎಲ್ಲರ ಜೊತೆ ಓಡು ಅಂದರೆ ಅದು ನ್ಯಾಯ ಅಲ್ಲ. ಮೀಸಲಾತಿ ಯಾಕೆ ಅಂತ ಕಾಲೇಜಿನಲ್ಲಿ ಯಾರಾದರೂ ನಿಮ್ಮನ್ನು ಕೇಳಿದರೆ ಇದನ್ನೂ ಹೇಳ್ರಿ.

ಈಗ ಕೊನೆಯ ಮಾತು. ಸಹಿ ಮಾಡಿದ ಕಾಗದದಲ್ಲಿ ಮೂರು ಬಗೆ. ಒಂದು ಅಧ್ಯಕ್ಷರ ಆದೇಶ, ನಮ್ಮಲ್ಲಿಯ ಜಿ.ಆರ್. ಇದ್ದ ಹಾಗೆ. ಎರಡನೆಯದು ಸಂಸತ್ತಿನ ಕಾನೂನು. ಮೂರನೆಯದು ಸಂವಿಧಾನ. 1965ರ ಸೆಪ್ಟೆಂಬರ್‌ನಲ್ಲಿ ಜಾನ್ಸನ್ 11246ನೇ ಆದೇಶ ಹೊರಡಿಸಿ, ಸರಕಾರದ ಗುತ್ತಿಗೆ ಪಡೆಯುವ ಕಂಪನಿಗಳು ಭೇದ ಮಾಡದೆ ಕಪ್ಪು ಜನರಿಗೆ ಅವಕಾಶ ಕೊಡಲು ಕ್ರಮ ತಗೋಬೇಕು ಅಂದರು. ಸುಮಾರು 60 ವರ್ಷ ಅದು ನಡೆಯಿತು. 2025ರ ಜನವರಿ 21ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಸಹಿಯಿಂದ ಅದನ್ನು ರದ್ದು ಮಾಡಿದರು. ಆದೇಶ ಬಂದದ್ದೂ ಒಂದು ಸಹಿಯಿಂದ, ಹೋದದ್ದೂ ಒಂದು ಸಹಿಯಿಂದ. ಕಾನೂನು ಅದಕ್ಕಿಂತ ಗಟ್ಟಿ, ಆದರೆ ಅದೂ ಪೂರ್ತಿ ಭದ್ರ ಅಲ್ಲ. ಮತದ ನಿಯಮ ಬದಲಿಸುವ ಮೊದಲು ಯಾವ ರಾಜ್ಯಗಳು ಕೇಂದ್ರದ ಅನುಮತಿ ಪಡೆಯಬೇಕು ಎಂದು ಗುರುತಿಸುವ ಸೂತ್ರ 1965ರ ಕಾನೂನಿನಲ್ಲಿತ್ತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ಸೂತ್ರವನ್ನು ತೆಗೆದುಹಾಕಿತು. ಆಗ ಅಧ್ಯಕ್ಷರ ಕುರ್ಚಿಯಲ್ಲಿ ಇದ್ದವರು ಯಾರು? ಬರಾಕ್ ಒಬಾಮಾ, ಅಮೆರಿಕದ ಮೊದಲ ಕಪ್ಪು ಅಧ್ಯಕ್ಷ. 2010ರಲ್ಲಿ ನಮ್ಮ ಸಂಸತ್ತಿಗೆ ಬಂದು ಬಾಬಾಸಾಹೇಬರ ಹೆಸರು ಹೇಳಿದವರು. ನಮ್ಮವ ಕುರ್ಚಿಯಲ್ಲಿ ಕೂತರೆ ಅಭಿಮಾನ ಬೇಕು, ನನಗೂ ಇದೆ. ಆದರೆ ಕುರ್ಚಿ ಒಂದೇ ಸಾಲುವುದಿಲ್ಲ. ಸಂವಿಧಾನದ 15ನೇ ತಿದ್ದುಪಡಿ ಕೂಡ 90 ವರ್ಷ ಮಲಗಿತ್ತು ಅಂತ ಆಗಲೇ ಹೇಳಿದೆ.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಇದನ್ನೇ ಎಚ್ಚರಿಸಿದರು. ಸಂವಿಧಾನ ಎಷ್ಟೇ ಒಳ್ಳೆಯದಿದ್ದರೂ ನಡೆಸುವವರು ಕೆಟ್ಟವರಾದರೆ ಅದು ಕೆಡುತ್ತದೆ, ಎಷ್ಟೇ ದೊಡ್ಡ ಮನುಷ್ಯನಾದರೂ ಅವನ ಕಾಲ ಬುಡದಲ್ಲಿ ನಮ್ಮ ಸ್ವಾತಂತ್ರ್ಯ ಇಡಬಾರದು, ರಾಜಕಾರಣದಲ್ಲಿ ಭಕ್ತಿ ನಮ್ಮನ್ನು ಕೆಳಗೆ ಇಳಿಸುತ್ತದೆ ಅಂದರು. ನಾವು ಬಾಬಾಸಾಹೇಬರ ಫೋಟೋಕ್ಕೆ ಹಾರ ಹಾಕ್ತೀವಿ, ಆಮೇಲೆ ಯಾವುದೋ ಸಾಹೇಬನಿಗಾಗಿ ಅಣ್ಣ-ತಮ್ಮ ಮಾತು ಬಿಡ್ತೀವಿ. ಇದು ಬರೋಬ್ಬರಿ ಇಲ್ಲ.

ಅದಕ್ಕೆ ನನ್ನ ವಿನಂತಿ ಇಷ್ಟು. ಮುಂದಿನ ಸಲ ಯಾರಾದರೂ ನಮ್ಮ ಓಣಿಗೆ ಬಂದು ಇದು ಮಾಡ್ತೀನಿ, ಅದು ಕೊಡ್ತೀನಿ ಅಂದಾಗ, ಇವ ಒಳ್ಳೆಯವನೋ ಅಲ್ಲೋ ಅಂತ ಜಗಳಾಡುವ ಬದಲು ಮೂರು ಪ್ರಶ್ನೆ ಕೇಳೋಣ. ಇದನ್ನು ಮಾಡಿಸಲು ನಾವು ಎಷ್ಟು ಜನ ಕೂಡಿ ನಿಲ್ತೀವಿ? ಯಾವ ಕಾಗದದ ಮೇಲೆ ಬರೆದು ಕೊಡ್ತೀಯಪ್ಪಾ? ಬರೆದದ್ದು ನಡೆಯುತ್ತದೋ ಇಲ್ಲವೋ ಅಂತ ನಮ್ಮಲ್ಲಿ ಯಾರು ಕಾವಲು ಇರ್ತಾರೆ? ಮಂಡಳದಲ್ಲಿ ಒಂದು ವಹಿ ಇಡೋಣ. ಕೊಟ್ಟ ಪ್ರತಿ ಅರ್ಜಿಯ ನಕಲು, ಪೋಚ್ ಪಾವತಿ, ತಾರೀಕು ಅದರಲ್ಲಿ ಇರಲಿ. ಗ್ರಾಮಸಭೆಗೆ ಪ್ರತಿ ಮನೆಯಿಂದ ಒಬ್ಬರಾದರೂ ಹೋಗಲಿ, ಅದರಲ್ಲಿ ಅರ್ಧ ಹೆಣ್ಣುಮಕ್ಕಳು ಇರಲಿ. ಈ ವರ್ಷ 18 ತುಂಬಿದ ಎಲ್ಲರ ಹೆಸರೂ ಮತದಾರರ ಯಾದಿಯಲ್ಲಿ ಇವೆಯೋ ಇಲ್ಲವೋ ಅಂತ ಮಂಡಳದವರು ಮನೆಮನೆಗೆ ಹೋಗಿ ನೋಡಲಿ. ಯಾದಿಯಲ್ಲಿ ಒಂದು ಹೆಸರು ಬರೆಸಲು ಫ್ಯಾನಿ ಲೂ ಹೇಮರ್ ತಾಯಿ ಮನೆ ಕಳೆದುಕೊಂಡರು. ನಮಗೆ ಅದು ಬಾಬಾಸಾಹೇಬರಿಂದ ಮೊದಲ ದಿನದಿಂದಲೇ ಸಿಕ್ಕಿದೆ.

ಕಾಕಾ ಅವರು ಈಗಲೂ ನಗುತ್ತಿದ್ದಾರೆ, ಆದರೆ ಎದ್ದು ಹೋಗಿಲ್ಲ. ವಹಿಯ ಮೊದಲ ಪುಟ ಬರೆಯಲು ನಾನು ತಯಾರಿದ್ದೀನಿ. ಎರಡನೇ ಪುಟಕ್ಕೆ ಯಾರು ಬರ್ತೀರಿ, ಕಾರ್ಯಕ್ರಮ ಮುಗಿದ ಮೇಲೆ ನನಗೆ ಹೇಳ್ರಿ.